ಸೂಜಿಮದ್ದಿಗೆ ಮೊದಲು ರಕ್ತಪರೀಕ್ಷೆ: ಹೈನುರಾಸುಗಳ ರಕ್ತದಲ್ಲಿ ಅಡಗುವ ಪರೋಪಜೀವಿಗಳ ಪತ್ತೆ

ಲಿಂಗರಾಜಪುರವು ಇಂದು ಹೊರಗಿನವರಿಗೆ ಮೇಲ್ಸೇತುವೆಯ ಹೆಸರಿನಿಂದಲೇ ಹೆಚ್ಚು ಪರಿಚಿತ. ಆದರೂ ಅಲ್ಲಿಯ ಹಾಗೂ ನೆರೆಯ ಕಾಚರಕನಹಳ್ಳಿ, ಹೆಣ್ಣೂರು, ಬಾಣಸವಾಡಿಗಳ ಹಳೆಯ ಮನೆಗಳ ಹಿತ್ತಿಲಲ್ಲಿ ಎರಡೋ ನಾಲ್ಕೋ ಹಸುಗಳನ್ನು ಕಟ್ಟಿಕೊಂಡು, ಬೀದಿಯವರಿಗೆ ಹಾಲು ಹಾಕಿ ಸಂಸಾರ ನಡೆಸುವ ಕುಟುಂಬಗಳು ಪೂರ್ತಿಯಾಗಿ ಮರೆಯಾಗಿಲ್ಲ. ಇಂತಹ ಮನೆಯಲ್ಲಿ ಒಂದು ಮುಂಜಾನೆ ಹತ್ತು ಲೀಟರ್ ಕೊಡುತ್ತಿದ್ದ ಹಸು ಮೂರು ಲೀಟರಿಗೆ ಇಳಿಯುತ್ತದೆ; ಮೇವು ಮುಟ್ಟುವುದಿಲ್ಲ; ಮೈ ಕೆಂಡದಂತೆ ಸುಡುತ್ತದೆ. ಮನೆಯವರು ಪರಿಚಿತರಾದ ಯಾರನ್ನೋ ಕರೆಸುತ್ತಾರೆ. ಬಂದವರು ಜ್ವರಕ್ಕೆಂದು ಒಂದು ಸೂಜಿ, ಶಕ್ತಿಗೆಂದು ಇನ್ನೊಂದು ಸೂಜಿ ಚುಚ್ಚಿ ಹೋಗುತ್ತಾರೆ. ಮರುದಿನ ಜ್ವರ ತುಸು ತಗ್ಗಿದಂತೆ ತೋರಿ, ಮೂರನೆಯ ದಿನ ಮತ್ತೆ ಏರುತ್ತದೆ. ವಾರ ಕಳೆಯುವಷ್ಟರಲ್ಲಿ ಹಸು ನೆಲ ಹಿಡಿಯುತ್ತದೆ. ಸಾಲ ಮಾಡಿ ತಂದ ರಾಸಾಗಿದ್ದರೆ ಹಸು ಹೋದ ಮೇಲೂ ಸಾಲದ ಕಂತು ಮಾತ್ರ ಉಳಿದಿರುತ್ತದೆ.

ಇಂತಹ ಜ್ವರಗಳಲ್ಲಿ ಗಣನೀಯ ಪಾಲು ರಕ್ತದಲ್ಲಿ ಸೇರಿಕೊಂಡ ಪರೋಪಜೀವಿಗಳಿಂದ ಬರುವಂಥದ್ದು. ಅವುಗಳನ್ನು ಗುರುತಿಸಲು ಬೇಕಾದುದು ಒಂದು ಹನಿ ರಕ್ತ, ಒಂದು ಗಾಜಿನ ಪಟ್ಟಿ ಮತ್ತು ಸೂಕ್ಷ್ಮದರ್ಶಕದ ಮುಂದೆ ಕುಳಿತ ಒಬ್ಬ ತಿಳಿದ ವೈದ್ಯ. ಈ ಒಂದು ಹನಿಯನ್ನು ಮೊದಲ ಸೂಜಿಮದ್ದಿಗೆ ಮುನ್ನವೇ ತೆಗೆಯಬೇಕು ಎಂಬುದೇ ಈ ಲೇಖನದಲ್ಲಿ ನಿವೇದಿಸಬೇಕಾಗಿರುವ ಮುಖ್ಯ ಸಂಗತಿ.

ನಮ್ಮ ನಾಡಿನ ಹೈನುರಾಸುಗಳಲ್ಲಿ ಇಂತಹ ನಾಲ್ಕು ರೋಗಗಳು ಪ್ರಮುಖವಾದವು. ಥೈಲೇರಿಯಾ ಎಂಬ ಜೀವಿಯು ಮೊದಲು ಬಿಳಿರಕ್ತಕಣಗಳ ಒಂದು ಬಗೆಯಾದ ಲಿಂಫೋಸೈಟ್‌ಗಳನ್ನು ಹೊಕ್ಕು, ಅವು ಅಂಕೆಯಿಲ್ಲದೆ ವೃದ್ಧಿಯಾಗುವಂತೆ ಮಾಡಿ, ಅನಂತರ ಕೆಂಪುಕಣಗಳಿಗೆ ಇಳಿಯುತ್ತದೆ. ಬಬೇಸಿಯಾ ನೇರವಾಗಿ ಕೆಂಪುಕಣಗಳನ್ನೇ ಹೊಕ್ಕು ಒಡೆಯುತ್ತದೆ. ಒಡೆದ ಕಣಗಳ ಬಣ್ಣವು ಮೂತ್ರದಲ್ಲಿ ಹರಿದು ಅದು ಕಾಫಿ ಕಷಾಯದಂತೆ ಕಾಣುವುದರಿಂದ ಇದನ್ನು ಕೆಂಪುಮೂತ್ರದ ರೋಗವೆಂದು ಕರೆಯುವುದುಂಟು. ಅನಾಪ್ಲಾಸ್ಮಾ ವಾಸ್ತವವಾಗಿ ಒಂದು ಬಗೆಯ ಬ್ಯಾಕ್ಟೀರಿಯ. ಆದರೆ ಅದೂ ಕೆಂಪುಕಣಗಳೊಳಗೇ ಬದುಕುವುದರಿಂದ ಪಶುವೈದ್ಯರು ಅದನ್ನು ಈ ಗುಂಪಿನೊಡನೆಯೇ ಪರಿಗಣಿಸುತ್ತಾರೆ. ನಾಲ್ಕನೆಯದು ಟ್ರಿಪನೋಸೋಮ. ಅದು ಕಣಗಳ ಒಳಗೆ ಹೋಗದೆ, ರಕ್ತದ್ರವದಲ್ಲಿ ಮೀನಿನಂತೆ ಈಜುತ್ತಿರುತ್ತದೆ. ಅದರಿಂದ ಬರುವ ರೋಗಕ್ಕೆ ಸರ್ರಾ ಎಂದು ಹೆಸರು. ಮೊದಲ ಮೂರನ್ನು ಮುಖ್ಯವಾಗಿ ಉಣ್ಣೆಗಳು ಹರಡುತ್ತವೆ, ಮಲೆನಾಡಿನವರು ಉಣುಗು ಎನ್ನುವುದು ಇದನ್ನೇ. ನಾಲ್ಕನೆಯದನ್ನು ದನಗಳ ಮೈಗೆ ಮುತ್ತಿ ಕಚ್ಚುವ ದೊಡ್ಡ ನೊಣಗಳು ಹರಡುತ್ತವೆ.

ಇವುಗಳ ಪತ್ತೆಯ ಚರಿತ್ರೆಯಲ್ಲಿ ನಾವು ನೆನೆಯಬೇಕಾದ ಒಂದು ಪ್ರಸಂಗವಿದೆ. ಅಮೆರಿಕದ ದಕ್ಷಿಣ ಸೀಮೆಯ ದನಗಳನ್ನು ಉತ್ತರಕ್ಕೆ ಹೊಡೆದುಕೊಂಡು ಹೋದಾಗಲೆಲ್ಲ, ಅವು ನಡೆದುಹೋದ ಹುಲ್ಲುಗಾವಲಿನಲ್ಲಿ ಮೇಯ್ದ ಉತ್ತರದ ದನಗಳು ಜ್ವರದಿಂದ ಸಾಯುತ್ತಿದ್ದವು. ವಿಚಿತ್ರವೆಂದರೆ, ದಕ್ಷಿಣದಿಂದ ಬಂದ ದನಗಳು ಮಾತ್ರ ಆರೋಗ್ಯವಾಗಿಯೇ ಇರುತ್ತಿದ್ದವು. ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬ ವಿಜ್ಞಾನಿಗಳು ವರ್ಷಗಟ್ಟಲೆ ಪ್ರಯೋಗ ನಡೆಸಿ, ಆ ಆರೋಗ್ಯವಂತ ದನಗಳ ರಕ್ತದಲ್ಲಿಯೇ ಬಬೇಸಿಯಾ ಅಡಗಿದೆ, ಉಣ್ಣೆಯು ಅದನ್ನು ಹೊತ್ತು ಹರಡುತ್ತದೆ ಎಂದು 1893ರಲ್ಲಿ ಪ್ರಕಟಿಸಿದರು. ಕೀಟದಂತಹ ಒಂದು ಸಣ್ಣ ಪ್ರಾಣಿಯು ಸಸ್ತನಿಗಳಿಗೆ ಇಂತಹ ರೋಗ ತಗುಲಿಸುತ್ತದೆಂಬುದನ್ನು ಖಚಿತವಾಗಿ ತೋರಿಸಿದ ಮೊದಲ ಕೆಲಸ ಇದು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯ ಜೀವಿಯನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು ಅದಕ್ಕೂ ನಾಲ್ಕು ವರ್ಷ ತಡವಾಗಿ, 1897ರಲ್ಲಿ. ಅದೇ ರಾಸ್ 1883ರಲ್ಲಿ ನಮ್ಮ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದಾಗ, ಬಂಗಲೆಯ ಬಳಿಯ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳಿರುವುದನ್ನು ಗಮನಿಸಿದ್ದನು. ಸರ್ರಾ ರೋಗದ ಜೀವಿಯನ್ನು ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯನು ಕಂಡದ್ದೂ ಅಂದಿನ ಅವಿಭಜಿತ ಭಾರತದಲ್ಲಿಯೇ, 1880ರಲ್ಲಿ, ಡೇರಾ ಇಸ್ಮಾಯಿಲ್ ಖಾನಿನ ಕುದುರೆ ಹಾಗೂ ಒಂಟೆಗಳ ರಕ್ತದಲ್ಲಿ.

ಆರೋಗ್ಯವಾಗಿ ಕಾಣುವ ದನವು ರೋಗವನ್ನು ಹೊತ್ತಿರಬಲ್ಲದು ಎಂಬ ಆ ಹಳೆಯ ಪಾಠವೇ ಇಂದು ನಮ್ಮ ಕೊಟ್ಟಿಗೆಗಳಿಗೆ ಬೇಕಾಗಿದೆ. ಹಳ್ಳಿಕಾರ್, ಅಮೃತಮಹಲ್ ಮುಂತಾದ ನಾಟಿ ತಳಿಗಳು ಅಸಂಖ್ಯ ತಲೆಮಾರುಗಳಿಂದ ಉಣ್ಣೆಗಳ ನಡುವೆಯೇ ಬಾಳಿ ಬಂದಿವೆ. ಸೋಂಕು ತಗುಲಿದರೂ ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಹೋಲ್‌ಸ್ಟೀನ್, ಜರ್ಸಿ ಮೊದಲಾದ ವಿದೇಶಿ ರಕ್ತವುಳ್ಳ ಮಿಶ್ರತಳಿಗಳಿಗೆ ಆ ತಾಳಿಕೆ ಕಡಿಮೆ. ಮಿಶ್ರತಳಿಗಳಿಂದ ಬೆಂಗಳೂರಿಗೆ ಹಾಲಿನ ಸಮೃದ್ಧಿ ಬಂದಿತೆಂಬುದು ನಿಜ, ಅದನ್ನು ಹಳಿಯುವುದು ಈ ಲೇಖಕನ ಉದ್ದೇಶವಲ್ಲ. ಆದರೆ ಹೆಚ್ಚು ಹಾಲು ಕೊಡುವ ಹಸುವನ್ನು ಕಟ್ಟಿದವರು ಹೆಚ್ಚು ಎಚ್ಚರಿಕೆಯನ್ನೂ ಕಟ್ಟಿಕೊಳ್ಳಬೇಕಾಗುತ್ತದೆ.

ಪಟ್ಟಣದ ಹಸು ಬಯಲಿಗೆ ಮೇಯಲು ಹೋಗುವುದಿಲ್ಲವಲ್ಲ, ಅದಕ್ಕೆ ಉಣ್ಣೆ ಎಲ್ಲಿಂದ ಬಂದೀತು ಎಂದು ಕೆಲವರು ಕೇಳುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರ ಕಡೆಯಿಂದ ಕೊಂಡು ತಂದ ಹಸುವಿನ ಮೈಮೇಲೆಯೇ ಅದು ಬರುತ್ತದೆ. ಕೆರೆಯಂಗಳದಲ್ಲಿ ಕೊಯ್ದು ತಂದ ಹಸಿಹುಲ್ಲಿನೊಡನೆಯೂ ಬರಬಹುದು. ಒಮ್ಮೆ ಬಂದರೆ ಅದಕ್ಕೆ ಬಯಲು ಬೇಕಿಲ್ಲ. ಥೈಲೇರಿಯಾವನ್ನು ಹರಡುವ ಹಯಲೋಮ ಜಾತಿಯ ಉಣ್ಣೆಯು ಕೊಟ್ಟಿಗೆಯ ಗೋಡೆಯ ಬಿರುಕುಗಳಲ್ಲಿ, ಗೋದಲಿಯ ಸಂದುಗಳಲ್ಲಿ ಸುಖವಾಗಿ ಬಾಳುತ್ತದೆ. ಬಬೇಸಿಯಾವನ್ನು ಹೊರುವ ಉಣ್ಣೆಯ ಹೆಣ್ಣು ಒಂದೇ ಬಾರಿಗೆ 2,000ಕ್ಕೂ ಮಿಗಿಲಾದ ಮೊಟ್ಟೆಗಳನ್ನಿಡುತ್ತದೆ. ತಾಯಿಯಲ್ಲಿದ್ದ ಸೋಂಕು ಮೊಟ್ಟೆಗಳ ಮೂಲಕ ಮರಿಗಳಿಗೂ ದಾಟುತ್ತದೆ. ಹಸುವಿನ ರಕ್ತವನ್ನು ಇನ್ನೂ ಒಮ್ಮೆಯೂ ಹೀರದ ಮರಿಯುಣ್ಣೆಯೇ ರೋಗವನ್ನು ಹೊತ್ತು ಹುಟ್ಟುತ್ತದೆ ಎಂದರ್ಥ.

ಇನ್ನು ಪತ್ತೆಯ ವಿಚಾರ. ಮನೆಯವರೇ ನೋಡಿ ತಿಳಿಯಬಹುದಾದ ಕುರುಹುಗಳು ಹಲವಿವೆ, ಅವುಗಳಿಗೆ ಖರ್ಚಿಲ್ಲ. ಹಸುವಿನ ಸಹಜ ದೇಹತಾಪ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್. ಗುದದ್ವಾರದಲ್ಲಿ ಒಂದೆರಡು ನಿಮಿಷ ಇರಿಸಿದ ಸಾಮಾನ್ಯ ಥರ್ಮಾಮೀಟರು 103 ದಾಟಿದ್ದನ್ನು ತೋರಿದರೆ ವೈದ್ಯರಿಗೆ ತಿಳಿಸಬೇಕು. ಥೈಲೇರಿಯಾದಲ್ಲಿ ಅದು 104ರಿಂದ 107ರವರೆಗೂ ಏರುವುದುಂಟು. ಹೆಗಲಿನ ಮುಂಭಾಗದಲ್ಲಿ ಚರ್ಮದಡಿ ಬೆರಳಾಡಿಸಿದರೆ ಸಿಗುವ ದುಗ್ಧಗ್ರಂಥಿಯು ಊದಿಕೊಂಡು ನಿಂಬೆಹಣ್ಣಿಗಿಂತ ದೊಡ್ಡದಾಗಿದ್ದರೆ, ಜ್ವರವೂ ಇದ್ದರೆ, ಮೊದಲ ಅನುಮಾನ ಥೈಲೇರಿಯಾದ ಮೇಲೆಯೇ ಹೋಗಬೇಕು. ಕಣ್ಣಿನ ಕೆಳರೆಪ್ಪೆಯನ್ನು ಬಿಡಿಸಿ ನೋಡಬೇಕು. ಆರೋಗ್ಯದಲ್ಲಿ ಗುಲಾಬಿ ಬಣ್ಣವಿರುವ ಆ ಪೊರೆ ಬಿಳಿಚಿಕೊಂಡಿದ್ದರೆ ರಕ್ತಹೀನತೆ, ಅರಿಸಿನದ ಛಾಯೆಯಿದ್ದರೆ ಕಾಮಾಲೆ. ಮೂತ್ರ ಕೆಂಪಾಗಿದ್ದರೆ ಬಬೇಸಿಯಾದ ಶಂಕೆ ಬಲವಾಗುತ್ತದೆ. ಅನಾಪ್ಲಾಸ್ಮಾದಲ್ಲಿ ಕೆಂಪುಕಣಗಳು ರಕ್ತನಾಳದಲ್ಲಿ ಒಡೆಯದೆ ಗುಲ್ಮ ಮುಂತಾದ ಅಂಗಗಳಲ್ಲಿ ನಾಶವಾಗುವುದರಿಂದ, ಕಾಮಾಲೆ ಕಂಡರೂ ಮೂತ್ರ ಕೆಂಪಾಗುವುದಿಲ್ಲ.

ಇವೆಲ್ಲ ಅನುಮಾನಗಳೇ ಹೊರತು ನಿರ್ಣಯಗಳಲ್ಲ. ರಂಜಕದ ಕೊರತೆಯಿಂದಲೂ ಈದ ಹಸುವಿನ ಮೂತ್ರ ಕೆಂಪಾಗುವುದುಂಟು. ಜ್ವರಕ್ಕಂತೂ ನೂರು ಕಾರಣ. ಒಂದೇ ಹಸುವಿನಲ್ಲಿ ಎರಡು ಪರೋಪಜೀವಿಗಳು ಕೂಡಿಯೇ ಇರುವುದೂ ಅಪರೂಪವಲ್ಲ. ನಿರ್ಣಯವಾಗಬೇಕಾದರೆ ರಕ್ತವನ್ನೇ ನೋಡಬೇಕು.

ಗಾಜಿನ ಪಟ್ಟಿಯ ಪರೀಕ್ಷೆ ನೂರು ವರ್ಷಕ್ಕೂ ಹಳೆಯದು. ಹಸುವಿನ ಕಿವಿಯ ತುದಿಯನ್ನು ಸ್ಪಿರಿಟ್ಟಿನಿಂದ ಒರೆಸಿ, ಒಣಗಿದ ಮೇಲೆ, ಹೊಸ ಸೂಜಿಯಿಂದ ಚುಚ್ಚಿ, ಹೊರಬಂದ ಹನಿಯನ್ನು ಪಟ್ಟಿಯ ಒಂದು ತುದಿಯಲ್ಲಿಟ್ಟು, ಇನ್ನೊಂದು ಪಟ್ಟಿಯ ಅಂಚನ್ನು ಓರೆಯಾಗಿ ಹಿಡಿದು ಒಂದೇ ಎಳೆತದಲ್ಲಿ ತೆಳ್ಳಗೆ ಸವರುತ್ತಾರೆ. ದಪ್ಪನಾದರೆ ಕಣಗಳು ಒಂದರ ಮೇಲೊಂದು ಬಿದ್ದು ಏನೂ ಕಾಣದು. ಕಿವಿಯ ತುದಿಯೇ ಏಕೆಂದರೆ, ಬಬೇಸಿಯಾ ಹೊಕ್ಕ ಕಣಗಳು ಅಂತಹ ಅತಿ ಸಣ್ಣ ನಾಳಗಳಲ್ಲಿ ಹೆಚ್ಚಾಗಿ ಸಿಗುತ್ತವೆ. ಸವರಿದ ಪಟ್ಟಿಯನ್ನು ನೆರಳಿನಲ್ಲಿ, ಗಾಳಿಯಲ್ಲಿ ಒಣಗಿಸಬೇಕು. ಕೊಟ್ಟಿಗೆಯಲ್ಲಿ ಅದನ್ನು ತೆರೆದಿಟ್ಟು ಮರೆತರೆ ನೊಣಗಳು ಬಂದು ಸವರಿದ ರಕ್ತವನ್ನೇ ನೆಕ್ಕಿಬಿಡುತ್ತವೆ! ಅದರ ಮೇಲೆ ಹಸುವಿನ ಗುರುತು ಮತ್ತು ದಿನಾಂಕವನ್ನು ಬರೆಯದಿದ್ದರೆ ಪ್ರಯೋಗಶಾಲೆಗೆ ಹೋದ ಪಟ್ಟಿ ಯಾವ ಹಸುವಿನದೆಂದು ಯಾರಿಗೂ ತಿಳಿಯದು.

ಪ್ರಯೋಗಶಾಲೆಯಲ್ಲಿ ಪಟ್ಟಿಯನ್ನು ಮೀಥೈಲ್ ಆಲ್ಕೊಹಾಲಿನಲ್ಲಿ ಅದ್ದಿ, ಜೀಮ್ಸಾ ಎಂಬ ಬಣ್ಣದ ದ್ರಾವಣದಲ್ಲಿ ಅರ್ಧ ಗಂಟೆಗೂ ಮಿಕ್ಕಿ ಇಟ್ಟು, ತೊಳೆದು, ಒಂದು ಹನಿ ಎಣ್ಣೆ ಹಾಕಿ ಸಾವಿರ ಪಟ್ಟು ಹಿಗ್ಗಿಸಿ ನೋಡುತ್ತಾರೆ. ಆಗ ಕಣ್ಣಿಗೆ ಬೀಳುವ ನೋಟ ಒಂದೊಂದು ರೋಗಕ್ಕೆ ಒಂದೊಂದು. ಬಬೇಸಿಯಾ ಬೈಜೆಮಿನ ಎಂಬುದು ಕೆಂಪುಕಣದೊಳಗೆ, ಒಂದೇ ತೊಟ್ಟಿನಲ್ಲಿ ಜೋತ ಎರಡು ಬೇವಿನ ಹಣ್ಣುಗಳಂತೆ, ಚೂಪಾದ ತುದಿಗಳನ್ನು ಕೂಡಿಸಿಕೊಂಡು ಜೋಡಿಯಾಗಿ ಕಾಣುತ್ತದೆ. ಥೈಲೇರಿಯಾ ತೀರ ಚಿಕ್ಕದು. ಉಂಗುರದಂತೆ ಅಥವಾ ಅಲ್ಪವಿರಾಮದ ಚಿಹ್ನೆಯಂತೆ ಇರುತ್ತದೆ. ಅನಾಪ್ಲಾಸ್ಮಾ ಕಣದ ಅಂಚಿಗೆ ಇಟ್ಟ ಕಡುನೀಲಿ ಚುಕ್ಕೆ. ಬಣ್ಣ ಸರಿಯಾಗಿ ಸೋಸದಿದ್ದರೆ ಅದರ ಕಸವೂ ಹೀಗೆಯೇ ಚುಕ್ಕೆಯಾಗಿ ಕಾಣುವುದರಿಂದ, ಅನುಭವಿ ಕಣ್ಣು ಇಲ್ಲಿ ಅವಶ್ಯ. ಟ್ರಿಪನೋಸೋಮವನ್ನು ನೋಡಲು ಬಣ್ಣವೂ ಬೇಕಿಲ್ಲ. ಆಗತಾನೆ ತೆಗೆದ ಹಸಿರಕ್ತದಲ್ಲಿ ಅದು ಕೆಂಪುಕಣಗಳನ್ನು ತಳ್ಳಾಡುತ್ತ ಒದ್ದಾಡುವುದು ಎದ್ದು ಕಾಣುತ್ತದೆ. ಥೈಲೇರಿಯಾದ ಆರಂಭದ ದಿನಗಳಲ್ಲಿ ಕೆಂಪುಕಣಗಳಲ್ಲಿ ಏನೂ ಇರದಿರಬಹುದು. ಆಗ ಊದಿದ ಗ್ರಂಥಿಯಿಂದ ಸೂಜಿಯ ಮೂಲಕ ಒಂದಿಷ್ಟು ದ್ರವ ತೆಗೆದು ನೋಡಿದರೆ, ಲಿಂಫೋಸೈಟ್‌ಗಳೊಳಗೆ ನೀಲಿ ಗುಂಪುಗಳು ಸಿಗುತ್ತವೆ. ರಾಬರ್ಟ್ ಕಾಕ್‌ನ ಹೆಸರಿನಿಂದ ಅವುಗಳನ್ನು ಕಾಕ್‌ನ ನೀಲಕಾಯಗಳೆಂದು ಕರೆಯುತ್ತಾರೆ.

ಪಟ್ಟಿಯಲ್ಲಿ ಏನೂ ಕಾಣಲಿಲ್ಲವೆಂದ ಮಾತ್ರಕ್ಕೆ ಹಸುವಿನಲ್ಲಿ ಏನೂ ಇಲ್ಲವೆಂದು ಹೇಳಲಾಗದು. ಇದರ ಕಾರಣವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ರೋಗದಿಂದ ಚೇತರಿಸಿಕೊಂಡ ಹಸುವಿನ ದೇಹದಲ್ಲಿ ಪರೋಪಜೀವಿಗಳು ಪೂರ್ತಿ ಅಳಿಯದೆ, ಲಕ್ಷ ಕೆಂಪುಕಣಗಳಿಗೆ ಒಂದರಂತೆ ಉಳಿದಿವೆ ಎಂದಿಟ್ಟುಕೊಳ್ಳೋಣ. ಸೂಕ್ಷ್ಮದರ್ಶಕದ ಒಂದು ನೋಟದಲ್ಲಿ ಇನ್ನೂರು ಕಣಗಳು ಕಂಡರೆ, ಆ ಒಂದು ಕಣ ಸಿಗಲು ಸರಾಸರಿ ಐನೂರು ನೋಟಗಳನ್ನು ತಡಕಬೇಕು. ಯಾವ ವೈದ್ಯನಿಗೂ ದಿನವೂ ಅಷ್ಟು ಹೊತ್ತು ಕೂರಲಾಗದು. ಆದರೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಅರುವತ್ತು ಲಕ್ಷದಷ್ಟು ಕೆಂಪುಕಣಗಳಿರುವುದರಿಂದ, ಅಂತಹ ಹಸುವಿನ ಪ್ರತಿ ಮೈಕ್ರೋಲೀಟರಿನಲ್ಲೂ ಅರುವತ್ತು ಪರೋಪಜೀವಿಗಳು ಇದ್ದೇ ಇರುತ್ತವೆ. ಉಣ್ಣೆ ಲೆಕ್ಕ ಹಾಕುವುದಿಲ್ಲ, ರಕ್ತವನ್ನು ಹೊಟ್ಟೆತುಂಬ ಹೀರುತ್ತದೆ. ಅದಕ್ಕೆ ಸೋಂಕು ತಗುಲಲು ಅಷ್ಟೇ ಸಾಕು. ಇಂತಹ ಹಸುವನ್ನೇ ವಾಹಕ ಎನ್ನುವುದು. ಸ್ಮಿತ್ ಕಂಡ ದಕ್ಷಿಣದ ದನಗಳು ಇವೇ.

ವಾಹಕಗಳನ್ನು ಹಿಡಿಯಲು ಇಂದು ಪಿ.ಸಿ.ಆರ್. ಪರೀಕ್ಷೆಯಿದೆ. ಕೋವಿಡ್ ಕಾಲದಿಂದ ಈ ಹೆಸರು ಮನೆಮನೆಗೂ ತಿಳಿದಿದೆ. ಪರೋಪಜೀವಿಯ ಡಿ.ಎನ್.ಎ. ತುಣುಕನ್ನು ಕೋಟಿಗಟ್ಟಲೆ ಪ್ರತಿಮಾಡಿ ತೋರಿಸುವುದೇ ಇದರ ವಿಧಾನ. ಹೀಗಾಗಿ ಪಟ್ಟಿಯಲ್ಲಿ ಕಾಣದ್ದು ಇದರಲ್ಲಿ ಕಾಣುತ್ತದೆ. ಥೈಲೇರಿಯಾದಲ್ಲೇ ಅನ್ಯುಲೇಟ ಮತ್ತು ಓರಿಯೆಂಟಾಲಿಸ್ ಎಂಬ ಎರಡು ಪ್ರಭೇದಗಳನ್ನು ಗಾಜಿನ ಪಟ್ಟಿಯಲ್ಲಿ ಬೇರ್ಪಡಿಸುವುದು ಕಷ್ಟ, ಪಿ.ಸಿ.ಆರ್. ಅದನ್ನು ಬೇರ್ಪಡಿಸುತ್ತದೆ. ಎಲೈಸಾ ಎಂಬ ಮತ್ತೊಂದು ಪರೀಕ್ಷೆ ರಕ್ತದಲ್ಲಿಯ ಪ್ರತಿಕಾಯಗಳನ್ನು ಹುಡುಕುತ್ತದೆ. ಅದು ಹಸುವಿಗೆ ಎಂದೋ ಸೋಂಕು ತಗುಲಿತ್ತೆಂದು ಹೇಳಬಲ್ಲದು. ಇಂದಿನ ಜ್ವರಕ್ಕೆ ಅದೇ ಕಾರಣವೇ ಎಂಬುದನ್ನು ಹೇಳಲಾರದು. ಮಂದೆಯ ಒಟ್ಟು ಸ್ಥಿತಿ ತಿಳಿಯಲು ಅದು ಉಪಯುಕ್ತ, ಮಲಗಿದ ಹಸುವಿನ ಚಿಕಿತ್ಸೆಗೆ ಅಲ್ಲ. ಜ್ವರ ಬಂದ ಹಸುವಿಗೆ ಈಗಲೂ ಹಳೆಯ ಗಾಜಿನ ಪಟ್ಟಿಯೇ ಅತಿ ಬೇಗನೆ, ಅತಿ ಕಡಿಮೆ ಖರ್ಚಿನಲ್ಲಿ ಉತ್ತರ ಕೊಡುವುದು. ಕಾಯಿಲೆ ಜೋರಾಗಿರುವಾಗ ಜೀವಿಗಳ ಸಂಖ್ಯೆಯೂ ಜೋರಾಗಿರುತ್ತದೆ.

ಔಷಧಿಗಳ ವಿಚಾರಕ್ಕೆ ಬಂದರೆ, ಊಹೆಯ ಚಿಕಿತ್ಸೆ ಏಕೆ ಅಪಾಯಕರವೆಂಬುದು ಸ್ಪಷ್ಟವಾಗುತ್ತದೆ. ಥೈಲೇರಿಯಾಕ್ಕೆ ಬುಪಾರ್ವಾಕ್ವೋನ್, ಬಬೇಸಿಯಾಕ್ಕೆ ಡಿಮಿನಾಜೀನ್, ಅನಾಪ್ಲಾಸ್ಮಾಕ್ಕೆ ಆಕ್ಸಿಟೆಟ್ರಾಸೈಕ್ಲಿನ್. ಒಂದರ ಮದ್ದು ಇನ್ನೊಂದನ್ನು ವಾಸಿಮಾಡುವುದಿಲ್ಲ. ಥೈಲೇರಿಯಾ ತಗುಲಿದ ಹಸುವಿಗೆ ಡಿಮಿನಾಜೀನ್ ಚುಚ್ಚಿ ಮೂರು ದಿನ ಕಾದರೆ, ಕಳೆದ ಆ ಮೂರು ದಿನಗಳೇ ಪ್ರಾಣವನ್ನು ತೆಗೆಯಬಹುದು. ಬುಪಾರ್ವಾಕ್ವೋನ್ ಬೆಲೆಯುಳ್ಳ ಮದ್ದು. ಅದನ್ನು ಜ್ವರದ ಮೊದಲ ದಿನಗಳಲ್ಲಿ ಕೊಟ್ಟರೆ ಗುಣ ಹೆಚ್ಚು, ರಕ್ತ ಬತ್ತಿದ ಮೇಲೆ ಕೊಟ್ಟರೆ ಕಡಿಮೆ. ಅರೆಬರೆ ಚುಚ್ಚಿದ ಆಂಟಿಬಯಾಟಿಕ್ಕು ಪಟ್ಟಿಯಲ್ಲಿ ಕಾಣಬೇಕಾದ ಜೀವಿಗಳನ್ನು ತಾತ್ಕಾಲಿಕವಾಗಿ ಕುಗ್ಗಿಸಿ ಸುಳಿವನ್ನೇ ಅಳಿಸಿಬಿಡುತ್ತದೆ. ಆದುದರಿಂದಲೇ ಸೂಜಿಗೆ ಮೊದಲು ಪಟ್ಟಿ ಎನ್ನುವುದು. ವೈದ್ಯರು ಬಂದ ಕೂಡಲೆ ಎರಡು ಪಟ್ಟಿಗಳನ್ನೂ, ನೇರಳೆ ಮುಚ್ಚಳದ ನಳಿಗೆಯಲ್ಲಿ ಒಂದಿಷ್ಟು ರಕ್ತವನ್ನೂ ತೆಗೆದುಕೊಂಡು, ಅನಂತರ ಹಸುವಿನ ಸ್ಥಿತಿ ನೋಡಿ ಮದ್ದು ಆರಂಭಿಸಿದರೆ ಯಾವ ನಷ್ಟವೂ ಇಲ್ಲ. ನಳಿಗೆಯನ್ನು ಮಂಜುಗಡ್ಡೆಯ ಪಕ್ಕದಲ್ಲಿಟ್ಟು ತಂಪಾಗಿ ಸಾಗಿಸಬೇಕು, ಹೆಪ್ಪುಗಟ್ಟಲು ಬಿಡಬಾರದು.

ಹಾಲನ್ನು ಕುಡಿಯುವವರ ಪ್ರಶ್ನೆಯೂ ಇಲ್ಲಿ ಏಳುವುದು ಸಹಜ. ನಮ್ಮ ದನಗಳ ಈ ಥೈಲೇರಿಯಾ, ಬಬೇಸಿಯಾ, ಅನಾಪ್ಲಾಸ್ಮಾಗಳು ಹಾಲಿನ ಮೂಲಕ ಮನುಷ್ಯರಿಗೆ ಅಂಟುವುದಿಲ್ಲ. ಹಾಲನ್ನು ಕಾಯಿಸಿಯೇ ಕುಡಿಯಬೇಕೆಂಬ ನಿಯಮ ಬೇರೆ ರೋಗಗಳ ಕಾರಣಕ್ಕಾಗಿ ಎಂದಿನಂತೆ ಇದ್ದೇ ಇದೆ. ಚಿಂತಿಸಬೇಕಾದುದು ಔಷಧಿಯ ಶೇಷವನ್ನು ಕುರಿತು. ಚಿಕಿತ್ಸೆ ಪಡೆದ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಮನೆಗೂ ಬಳಸಬಾರದು, ಡೇರಿಗೂ ಹಾಕಬಾರದು, ದಾಸೋಹಕ್ಕೂ ಅರ್ಪಿಸಬಾರದು. ಉಣ್ಣೆ ನಿವಾರಣೆಗೆಂದು ಕೆಲವರು ಕರೆಯುವ ಹಸುವಿಗೂ ಐವರ್‌ಮೆಕ್ಟಿನ್ ಕೊಡಿಸುತ್ತಾರೆ. ಅದು ಹಾಲಿನಲ್ಲಿ ಬಹುದಿನ ಉಳಿಯುವುದರಿಂದ ಸಲ್ಲದು. ಉಣ್ಣೆಗಳನ್ನು ಕಿತ್ತು ಬೆರಳುಗಳ ನಡುವೆ ಹಿಸುಕುವ ಅಭ್ಯಾಸವನ್ನೂ ಬಿಡಬೇಕು. 2011ರಲ್ಲಿ ಗುಜರಾತಿನಲ್ಲಿ ಮನುಷ್ಯರಲ್ಲಿ ಕಾಣಿಸಿಕೊಂಡ ಕ್ರಿಮಿಯನ್-ಕಾಂಗೋ ಜ್ವರವನ್ನು ಹರಡುವುದು ಹಯಲೋಮ ಉಣ್ಣೆಗಳೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಮಲೆನಾಡಿನ ಬೇರೊಂದು ಉಣ್ಣೆಯಿಂದ ಬರುವ ವೈರಸ್ ರೋಗ. ಹಸುವಿನ ರಕ್ತದ ಈ ಜೀವಿಗಳಿಗೂ ಅದಕ್ಕೂ ಸಂಬಂಧವಿಲ್ಲ. ಚಿಮಟಿಯಿಂದ ಕಿತ್ತು ಸೀಮೆಎಣ್ಣೆಯಲ್ಲಿ ಹಾಕುವುದು ಉಚಿತ.

ಮಂದೆಯಲ್ಲಿ ರೋಗ ಹರಡುವುದು ಉಣ್ಣೆ-ನೊಣಗಳಿಂದ ಮಾತ್ರವಲ್ಲ, ನಮ್ಮ ಕೈಯಿಂದಲೂ ಹೌದು. ಒಂದೇ ಸೂಜಿಯಿಂದ ಹತ್ತು ಹಸುಗಳಿಗೆ ಚುಚ್ಚಿದರೆ, ಕೊಂಬು ಕೊಯ್ಯುವ ಅಥವಾ ಕಿವಿಯೋಲೆ ಹಾಕುವ ಸಾಧನವನ್ನು ತೊಳೆಯದೆ ಬಳಸಿದರೆ, ಅನಾಪ್ಲಾಸ್ಮಾ ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುತ್ತದೆ. ಹಸುವಿಗೊಂದು ಸೂಜಿ ಎಂದು ಕೇಳಿ ಪಡೆಯುವುದಕ್ಕೆ ಸಂಕೋಚ ಬೇಡ. ಕೊಟ್ಟಿಗೆಯ ಗೋಡೆಯ ಬಿರುಕುಗಳನ್ನು ಮುಚ್ಚಿ ಸುಣ್ಣ ಬಳಿಯುವುದು, ತಿಪ್ಪೆಯನ್ನು ದೂರವಿಡುವುದು, ಕಿವಿಯೊಳಗೆ, ಬಾಲದ ಬುಡದಲ್ಲಿ, ಕೆಚ್ಚಲಿನ ಸಂದಿನಲ್ಲಿ ದಿನವೂ ಕೈಯಾಡಿಸಿ ನೋಡುವುದು ಎಲ್ಲರೂ ಬಲ್ಲ ಕೆಲಸ. ಥೈಲೇರಿಯಾದ ಉಣ್ಣೆ ಕಚ್ಚಿ ಹಿಡಿದು ಎರಡು ಮೂರು ದಿನ ಕಳೆದ ಮೇಲೆಯೇ ಸೋಂಕನ್ನು ಪೂರ್ಣವಾಗಿ ಬಿಡುವುದರಿಂದ, ದಿನವೂ ಕಿತ್ತುಹಾಕುವುದರಲ್ಲಿ ನಿಜವಾದ ಪ್ರಯೋಜನವಿದೆ. ಥೈಲೇರಿಯಾ ಅನ್ಯುಲೇಟಕ್ಕೆ ಮಾತ್ರ ರಕ್ಷಾವ್ಯಾಕ್-ಟಿ ಎಂಬ ಲಸಿಕೆಯಿದೆ. ಜೀವಂತ ಲಸಿಕೆಯಾದ ಕಾರಣ ಅದನ್ನು ದ್ರವ ಸಾರಜನಕದಲ್ಲಿಟ್ಟು ತರಬೇಕು, ಮಿಶ್ರತಳಿ ಕರುಗಳಿಗೆ ಎರಡು ತಿಂಗಳು ದಾಟಿದ ಮೇಲೆ ವೈದ್ಯರ ಸಲಹೆಯಂತೆ ಹಾಕಿಸಬಹುದು.

ಮಠಗಳ ಗೋಶಾಲೆಗಳ ಸಂದರ್ಭ ಇನ್ನೂ ಸೂಕ್ಷ್ಮವಾದುದು. ಸದ್ಭಕ್ತರು ಬೇರೆ ಬೇರೆ ಊರುಗಳಿಂದ ಹಸುಗಳನ್ನು ಭಕ್ತಿಯಿಂದ ತಂದು ಒಪ್ಪಿಸುತ್ತಾರೆ. ಗಟ್ಟಿಮುಟ್ಟಾಗಿ ಕಾಣುವ ಒಂದು ನಾಟಿ ಹಸು ವಾಹಕವಾಗಿದ್ದು, ಅದರ ಮೈಮೇಲೆ ನಾಲ್ಕು ಉಣ್ಣೆಗಳೂ ಇದ್ದರೆ, ಪಕ್ಕದಲ್ಲಿ ಕಟ್ಟಿದ ಮಿಶ್ರತಳಿಯ ಹಸುಗಳಿಗೆ ಅದೇ ಮೃತ್ಯುವಾಗಬಹುದು. ಹೊಸದಾಗಿ ಬಂದ ರಾಸನ್ನು ಕನಿಷ್ಠ ಮೂರು ವಾರ ಬೇರೆಯಾಗಿ ಕಟ್ಟಿ, ಉಣ್ಣೆಗಳನ್ನು ನಿವಾರಿಸಿ, ದಿನಕ್ಕೆರಡು ಬಾರಿ ತಾಪ ನೋಡಿ, ಬಂದ ದಿನ ಹಾಗೂ ಮೂರನೆಯ ವಾರದ ಕೊನೆಯಲ್ಲಿ ರಕ್ತದ ಪಟ್ಟಿ ತೆಗೆಸುವುದು ಕ್ಷೇಮಕರ. ಸಾಧ್ಯವಿದ್ದರೆ ಒಮ್ಮೆ ಪಿ.ಸಿ.ಆರ್. ಕೂಡ. ಇಪ್ಪತ್ತರೊಳಗಿನ ಮಂದೆಯಾದರೆ ಎಲ್ಲ ಹಸುಗಳ ರಕ್ತವನ್ನೂ ಪರೀಕ್ಷಿಸಬೇಕು. ನೂರಾರು ಹಸುಗಳಿರುವಲ್ಲಿ ಚೀಟಿಯೆತ್ತಿದಂತೆ ಆಯ್ದ ಸುಮಾರು 30 ಹಸುಗಳ ರಕ್ತ ನೋಡಿದರೆ, ಹತ್ತರಲ್ಲೊಂದಕ್ಕೆ ಸೋಂಕಿರುವ ಮಂದೆಯಲ್ಲಿ ಒಂದಾದರೂ ಸೋಂಕಿತ ಹಸು ಆಯ್ಕೆಯಲ್ಲಿ ಸೇರುವ ಸಂಭವ ನೂರಕ್ಕೆ ತೊಂಬತ್ತೈದರಷ್ಟು.

ಲಿಂಗರಾಜಪುರದ ಸುತ್ತಿನವರಿಗೆ ಇದಕ್ಕೆ ಬೇಕಾದ ನೆರವು ದೂರವಿಲ್ಲ. 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜು ಹೆಬ್ಬಾಳದಲ್ಲಿದೆ. ಹಿಂದೆ ಮೈಸೂರು ಸೀರಂ ಸಂಸ್ಥೆಯೆಂದು ಹೆಸರಾಗಿ, ದನಗಳ ದೊಡ್ಡರೋಗದ ಕಾಲದಲ್ಲಿ ನಾಡಿಗೆ ನೆರವಾಗಿದ್ದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯೂ ಹೆಬ್ಬಾಳದಲ್ಲಿಯೇ ಇದೆ. ಸಮೀಪದ ಸರ್ಕಾರಿ ಪಶುಚಿಕಿತ್ಸಾಲಯದ ವೈದ್ಯರ ಪತ್ರದೊಡನೆ ಪಟ್ಟಿಗಳನ್ನು ಕಳುಹಿಸುವುದು ಕ್ರಮ. ಹಸು ಏಳಲಾರದ ಸ್ಥಿತಿಯಲ್ಲಿದ್ದರೆ 1962 ಸಂಖ್ಯೆಗೆ ಕರೆಮಾಡಿ ಪಶು ಚಿಕಿತ್ಸಾ ವಾಹನವನ್ನು ಕೇಳಬಹುದು. ಕರೆ ಮಾಡುವಾಗ ಹಸುವಿನ ತಾಪ ಎಷ್ಟು, ಜ್ವರ ಬಂದು ಎಷ್ಟು ದಿನವಾಯಿತು, ಈಗಾಗಲೇ ಯಾವ ಸೂಜಿ ಹಾಕಿಸಿದೆ, ಈದು ಎಷ್ಟು ಕಾಲವಾಯಿತು ಎಂಬ ನಾಲ್ಕು ವಿಷಯಗಳನ್ನು ಬರೆದಿಟ್ಟುಕೊಂಡಿರಬೇಕು. ಬರಿಯ ಔಷಧಿಯ ಹೆಸರು ನೆನಪಿಲ್ಲದಿದ್ದರೆ ಖಾಲಿ ಸೀಸೆಯನ್ನಾದರೂ ಎಸೆಯದೆ ಇರಿಸಿಕೊಂಡು ವೈದ್ಯರಿಗೆ ತೋರಿಸಬೇಕು.